ಹಿಂದೆ ಬರುವವರ ಕಿವಿ

ಬೆಂಗಳೂರಿನ ಸೈಕಲ್ ಮಂದಿಗೆ ನಂದಿ ಬೆಟ್ಟ ಅಂದರೆ ಒಂದು ಬೆಳಗಿನ ಕೆಲಸ. ನಸುಕಿಗೂ ಮುಂಚೆ ಹೆಬ್ಬಾಳದಲ್ಲಿ ಸೇರುತ್ತಾರೆ, ಕತ್ತಲಲ್ಲೇ ದೇವನಹಳ್ಳಿ ದಾಟುತ್ತಾರೆ, ಬಿಸಿಲೇರುವ ಮುನ್ನ ಬೆಟ್ಟ ಹತ್ತಿ ಇಳಿದು ಊರಿಗೆ ಬಂದು ಮಸಾಲೆ ದೋಸೆಗೆ ಕೂತುಬಿಡುತ್ತಾರೆ. ಯಾರು ಎಷ್ಟು ನಿಮಿಷದಲ್ಲಿ ಹತ್ತಿದರೆಂಬ ಲೆಕ್ಕ ಮಧ್ಯಾಹ್ನದವರೆಗೂ ಮೊಬೈಲುಗಳಲ್ಲಿ ಓಡಾಡುತ್ತಿರುತ್ತದೆ. ನನಗೂ ನಮ್ಮವರಿಗೂ ಆ ಲೆಕ್ಕದಲ್ಲಿ ಆಸೆಯಿಲ್ಲ. ಐವತ್ತರ ಆಸುಪಾಸಿನಲ್ಲಿ ಮತ್ತೆ ಸೈಕಲ್ ಹಿಡಿದವರು ನಾವು. ಹೋದರೆ ರಾತ್ರಿ ಎಲ್ಲಾದರೂ ತಂಗಬೇಕು, ದಾರಿಯಲ್ಲಿ ಸಿಕ್ಕಿದ ಗುಡಿ, ಕೆರೆ, ಹೋಟೆಲು ಯಾವುದನ್ನೂ ಬಿಡಬಾರದು. ಹಾಗಾಗಿ ಡಿಸೆಂಬರಿನ ಮೊದಲ ವಾರದಲ್ಲಿ ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯ ಬಳಸಿಕೊಂಡು ನಂದಿ ಹತ್ತುವುದು, ಮುದ್ದೇನಹಳ್ಳಿ ನೋಡಿಕೊಂಡು ದೇವನಹಳ್ಳಿ ಮೇಲೆ ವಾಪಸಾಗುವುದು ಅಂತ ಮಾಡಿಕೊಂಡೆವು. ಹೊರಟದ್ದು ವಾರದ ನಡುವೆ. ಶನಿವಾರ, ಭಾನುವಾರ ಆ ಬೆಟ್ಟದ ರಸ್ತೆಯಲ್ಲಿ ಕಾರಿನ ಹೊಗೆ ಕುಡಿಯುವುದಕ್ಕಿಂತ ಮನೆಯಲ್ಲಿ ಮಲಗಿರುವುದು ವಾಸಿ.

ನಮ್ಮಿಬ್ಬರ ನಡುವೆ ಒಂದು ಕಟ್ಟಳೆಯಿದೆ: ನಿಧಾನದವರು ಮುಂದೆ. ಸಪಾಟು ರಸ್ತೆಯಲ್ಲಿ ನಾನು ನಿಧಾನ, ಏರಿನಲ್ಲಿ ಇವರು. ಎಂಬತ್ತೈದು ಕೇಜಿಯನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗುವುದು ಸುಲಭವಲ್ಲ. ವೇಗದವರು ಮುಂದೆ ಹೋಗಿ ಮರದ ಕೆಳಗೆ ಕಾಯುತ್ತ ಕೂತು, ಹಿಂದಿನವರು ಏದುಸಿರು ಬಿಡುತ್ತ ಬಂದ ತಕ್ಷಣ “ಹೊರಡೋಣವಾ?” ಅಂತ ಎದ್ದು ನಿಂತರೆ ಆ ಜೋಡಿ ಬಹಳ ದಿನ ಒಟ್ಟಿಗೆ ಸೈಕಲ್ ಹೊಡೆಯುವುದಿಲ್ಲ. ಈ ಕಟ್ಟಳೆಯಿಂದ ಇನ್ನೊಂದು ಲಾಭ ನಮಗೆ ಆಮೇಲೆ ಗೊತ್ತಾಯಿತು. ಸೈಕಲ್ಲಿನ ಕಾಯಿಲೆಗಳು ಸವಾರನಿಗಿಂತ ಮೊದಲು ಹಿಂದೆ ಬರುವವರಿಗೆ ಕಾಣುತ್ತವೆ, ಕೇಳುತ್ತವೆ. ಹಿಂದಿನ ಚಕ್ರ ಔಟ್ ಆಗಿ ತೂಗಾಡುವುದು, ಟೈರು ಗಾಳಿ ಕಳೆದುಕೊಂಡು ಅಗಲವಾಗಿರುವುದು, ಚೈನು ಓರೆಯಾಗಿ ಓಡುವುದು, ಸೀಟು ಎತ್ತರವಾಗಿ ಸೊಂಟ ಆಚೀಚೆ ಜಾರುವುದು. ಮೇಲೆ ಕೂತವರ ಕಿವಿಯಲ್ಲಿ ಬರೀ ಗಾಳಿ.

ಮಂಗಳವಾರ ಸಂಜೆ

ಮತ್ತಿಕೆರೆಯ ನಮ್ಮ ಮನೆಯ ತಾರಸಿಯೇ ಗ್ಯಾರೇಜು. ತೊಳೆಯುವುದು, ಟೈರು, ಗಂಟುಮೂಟೆ ಇವರ ಪಾಲು; ಚೈನು, ಗೇರು, ಬ್ರೇಕು ನನ್ನವು. ಅಪ್ಪ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದರು. ಅವರಿಂದ ನನಗೆ ಬಂದ ಆಸ್ತಿ ಒಂದು ಉಕ್ಕಿನ ಸ್ಕೇಲು ಮತ್ತು ಪಾನಾವನ್ನು ಬೇಕಾದ್ದಕ್ಕಿಂತ ಬಿಗಿ ಮಾಡದ ಕೈ. ಇವರಿಗೆ ತೊಳೆಯುವ ಹುಚ್ಚು. ಹಿಂದೆ ಕಾರು ತೊಳೆಯುವ ಒತ್ತಡದ ಪೈಪನ್ನೇ ಸೈಕಲ್ಲಿಗೆ ಹಿಡಿಯುತ್ತಿದ್ದರು. ಆ ರಭಸಕ್ಕೆ ನೀರು ಬೇರಿಂಗಿನ ಒಳಗೆ ನುಗ್ಗಿ ಗ್ರೀಸನ್ನು ಹೊರಗೆ ತಳ್ಳುತ್ತದೆ ಅಂತ ಒಮ್ಮೆ ಚಕ್ರದ ನಡುವಿನ ಹಬ್ ಬಿಚ್ಚಿ ತೋರಿಸಿದ ಮೇಲೆ ಬಕೀಟು, ಮಗ್ಗು, ಹಳೇ ಬನಿಯನ್ನಿಗೆ ಇಳಿದಿದ್ದಾರೆ.

ಚೈನು ಅಳೆಯಲು ಅಂಗಡಿಯಲ್ಲಿ ಬೇರೆ ಸಾಧನ ಸಿಗುತ್ತದೆ, ನನಗೆ ಅಪ್ಪನ ಸ್ಕೇಲೇ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಬಂತೋ, ಚೈನು ಬದಲಾಯಿಸುವ ಕಾಲ. ಎಂಟನೇ ಒಂದು ಪಾಲಿನವರೆಗೂ ಎಳೆದರೆ ಅಷ್ಟರಲ್ಲಿ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿಂದುಹಾಕಿರುತ್ತದೆ. ಚೈನು ಹಿಗ್ಗಿದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಉಕ್ಕಿನ ಪಟ್ಟಿ ಎಲ್ಲಿಯ ಹಿಗ್ಗು? ಪಿನ್ನುಗಳು ಸವೆದು ಕೊಂಡಿಕೊಂಡಿಗೂ ಕೂದಲೆಳೆಯಷ್ಟು ಸಡಿಲ ಹುಟ್ಟಿಕೊಂಡು, ಒಟ್ಟಾಗಿ ಉದ್ದ ಕಾಣುತ್ತದೆ. ಇವರದು ಹದಿನಾರರ ಗೆರೆಯ ಈಚೆಗೇ ಇತ್ತು, ನನ್ನದು ಹೊಸದು. ಸೀಮೆಎಣ್ಣೆಯ ಬದಲು ಈಗ ಡೀಸೆಲಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ, ಒಂದೊಂದು ಉರುಳೆಗೆ ಒಂದೊಂದು ಹನಿ ಎಣ್ಣೆ. ಆಮೇಲೆ ಮೇಲಿನದನ್ನೆಲ್ಲ ಒರೆಸಿಬಿಡಬೇಕು. ಎಣ್ಣೆ ಬೇಕಿರುವುದು ಒಳಗೆ. ಹೊರಗೆ ಉಳಿದದ್ದು ಧೂಳು ಹಿಡಿದು ಮಸಿಯಾಗುತ್ತದೆ. ನಮ್ಮೂರಿನ ಚಳಿಗಾಲದ ಒಣ ಧೂಳಿಗಂತೂ ಜಿಡ್ಡು ಕಂಡರೆ ಪ್ರೀತಿ.

ಟೈರು 28 ಮಿಲಿಮೀಟರಿನವು. ಇವರ ಹಿಂದಿನ ಚಕ್ರಕ್ಕೆ 85 ಪಿಎಸ್‌ಐ, ನನ್ನದಕ್ಕೆ 65. ಇಬ್ಬರಿಗೂ ಒಂದೇ ಗಾಳಿ ತುಂಬುವುದು ಇಬ್ಬರಿಗೂ ಒಂದೇ ಅಳತೆಯ ಚಪ್ಪಲಿ ಕೊಂಡಂತೆ.

ಚೀಲಕ್ಕೆ ಬಿದ್ದದ್ದು: ಎರಡು ಟ್ಯೂಬು, ಪ್ಯಾಚು, ಸಲ್ಯೂಷನ್ನು, ಆಲನ್ ಕೀ ಗೊಂಚಲು, ಚೈನಿಗೆ ಬಿಡಿ ಕೊಂಡಿ, ಕೈಪಂಪು, ಒಂದು ಚಾಕು. ಚಾಕು ಸೇಬು ಹೆಚ್ಚುವುದಕ್ಕೆ ಅಂತ ಇವರು ಇಟ್ಟದ್ದು.

ಬುಧವಾರ

ಇನ್ನೂ ಮಬ್ಬುಗತ್ತಲಿದ್ದಾಗ ಬಿಇಎಲ್ ಸರ್ಕಲ್ ದಾಟಿದೆವು. ಗಂಗಮ್ಮನಗುಡಿ, ಎಂ.ಎಸ್. ಪಾಳ್ಯ ಕಳೆದು ಯಲಹಂಕ ತಲುಪುವವರೆಗೆ ಸೈಕಲ್ ಸವಾರಿ ಅನ್ನುವುದಕ್ಕಿಂತ ಗುಂಡಿ ತಪ್ಪಿಸುವ ಕಸರತ್ತು. ಮುಂದೆ ಹೋಗುವವಳು ನಾನಾದ್ದರಿಂದ ಕೈಸನ್ನೆ ನನ್ನ ಕೆಲಸ. ಎಡಗೈ ಕೆಳಗೆ ಚಾಚಿದರೆ ಎಡಕ್ಕೆ ಗುಂಡಿ, ಬೆನ್ನ ಹಿಂದೆ ಬೀಸಿದರೆ ನಿಂತ ಗಾಡಿ, ಬಲಕ್ಕೆ ಸರಿಯಿರಿ. “ಬಾಯಲ್ಲಿ ಹೇಳಬಾರದೇನೇ?” ಅಂತ ಮೊದಮೊದಲು ಕೇಳುತ್ತಿದ್ದರು. ಬಿಎಂಟಿಸಿ ಬಸ್ಸಿನ ಪಕ್ಕದಲ್ಲಿ ಬಾಯಿಂದ ಹೇಳಿದ್ದು ಯಾರಿಗೆ ಕೇಳಬೇಕು?

ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆಯಿದೆ, 1984ರಲ್ಲಿ ಶುರುವಾದದ್ದು. ದೇಶದ ರೈಲುಗಳಿಗೆ ಗಾಲಿ, ಅಚ್ಚು ಇಲ್ಲಿಂದ ಹೋಗುತ್ತವೆ. ಅದರ ಹತ್ತಿರ ಬಂದಾಗಲೆಲ್ಲ ಇವರಿಗೆ ಒಂದೇ ತಮಾಷೆ: “ಇಲ್ಲಿಂದ ಒಂದು ಚಕ್ರ ತಗೊಂಡು ಹಾಕಿಸಿಬಿಡೋಣ, ಔಟ್ ತೆಗೆಸೋ ರಗಳೆಯೇ ಇಲ್ಲ.” ನಾನು ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಇವರು ಹೇಳುವುದನ್ನು ಬಿಟ್ಟಿಲ್ಲ. ಪುಟ್ಟೇನಹಳ್ಳಿ ಕೆರೆಯ ಬೇಲಿಯ ಹೊರಗೆ ನಿಂತು ಕೊಕ್ಕರೆಗಳನ್ನು ನೋಡಿ, ರಾಜಾನುಕುಂಟೆಯಲ್ಲಿ ಇಡ್ಲಿ, ವಡೆ, ಎರಡನೇ ಲೋಟ ಕಾಫಿ. ಅಲ್ಲಿಂದ ದೊಡ್ಡಬಳ್ಳಾಪುರದವರೆಗೆ ಲಾರಿಗಳದ್ದೇ ರಾಜ್ಯ. ಆ ಹಾದಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ತಲೆ ಬಗ್ಗಿಸಿ ತುಳಿದೆವು.

ದೊಡ್ಡಬಳ್ಳಾಪುರದ ಒಳಬೀದಿಗಳಲ್ಲಿ ಮಾತ್ರ ಸೈಕಲ್ ಇಳಿದು ತಳ್ಳಿಕೊಂಡು ನಡೆದೆವು. ಮನೆಮನೆಯೊಳಗಿಂದ ವಿದ್ಯುತ್ ಮಗ್ಗಗಳ ಸದ್ದು. ಬಾಗಿಲು ತೆರೆದಿದ್ದ ಒಂದು ಮನೆಯಲ್ಲಿ ಹುಡುಗನೊಬ್ಬ ಮಗ್ಗಕ್ಕೆ ಬೆನ್ನು ಹಾಕಿ ಮೊಬೈಲು ನೋಡುತ್ತಿದ್ದ. ಇದ್ದಕ್ಕಿದ್ದಂತೆ ತಿರುಗಿ ಮಗ್ಗ ನಿಲ್ಲಿಸಿದ. ಎಳೆಯೊಂದು ಕಡಿದಿತ್ತು. ಕಣ್ಣು ಎಲ್ಲಿದ್ದರೂ ಕಿವಿ ಕೆಲಸದ ಮೇಲಿತ್ತು ಅವನಿಗೆ.

ಗೌರಿಬಿದನೂರು ರಸ್ತೆಗೆ ಬಿದ್ದು, ರೈಲು ಹಳಿಯ ಪಕ್ಕದ ಮಾಕಳಿದುರ್ಗದ ಬೆಟ್ಟ ಎದುರಿಗೆ ಬೆಳೆಯುತ್ತ ಬಂದ ಮೇಲೆ ನಿಜವಾದ ಸವಾರಿ ಶುರು. ಘಾಟಿಯ ಕಡೆ ತಿರುಗಿದರೆ ರಸ್ತೆ ಕಿರಿದು, ಗಾಡಿ ಕಡಿಮೆ. ಜತೆಗೆ ರಾಗಿ ಒಕ್ಕಣೆಯ ಕಾಲ. ಡಾಂಬರಿನ ಮೇಲೆ ಮಾರುದ್ದ ರಾಗಿ ತೆನೆ ಹರಡಿಟ್ಟಿದ್ದರು. ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹರಿದಷ್ಟೂ ಕಾಳು ಉದುರುತ್ತದೆ. ಹೀಗೆ ಮಾಡಬಾರದೆಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ, ಬೈಕಿನವರು ಜಾರಿ ಬಿದ್ದದ್ದೂ ಉಂಟು. ಆದರೆ ಸಗಣಿ ಸಾರಿಸಿ ಕಣ ಮಾಡಲು ಹೊಲದಲ್ಲಿ ಜಾಗ, ಮನೆಯಲ್ಲಿ ಆಳು ಎಲ್ಲಿ ಉಳಿದಿವೆ? ನಾನು ಇಳಿದು ತಳ್ಳೋಣವೆಂದು ಬ್ರೇಕು ಹಿಡಿದೆ. ಪೊರಕೆ ಹಿಡಿದು ಅಂಚಿನಲ್ಲಿ ಕೂತಿದ್ದ ಅಜ್ಜಿ, “ಮೇಲೇ ಹೋಗ್ರಮ್ಮ, ನಮ್ಗೂ ವಸಿ ತುಳಿದಂಗಾಯ್ತದೆ” ಅಂದಳು. ಟೈರು ನೋಡಿ ಮತ್ತೆ ಅವಳೇ, “ಇಷ್ಟು ಸಣ್ಣ ಚಕ್ರ! ಇದ್ರಲ್ಲಿ ಒಂದು ಕಾಳೂ ಉದುರಾಕಿಲ್ಲ ಬಿಡು” ಅಂತ ನಕ್ಕಳು.

ನಾನು ತಳ್ಳಿಕೊಂಡೇ ದಾಟಿದೆ. ಇವರು ಅಜ್ಜಿಯ ಮಾತಿಗೆ ಬೆಲೆ ಕೊಟ್ಟು ಹತ್ತಿಯೇ ಹೋದರು. ಎರಡನೇ ಹಾಸಿನ ನಡುವೆ ಕರ್ರೆಂದು ಸದ್ದು, ಪೆಡಲು ನಿಂತಿತು. ಗೇರು ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಒಂದು ಹಿಡಿ ರಾಗಿ ಹುಲ್ಲು ಜಡೆ ಹೆಣೆದುಕೊಂಡು ಕೂತಿತ್ತು. ಪುಣ್ಯಕ್ಕೆ ಜೋರಾಗಿ ತುಳಿಯಲಿಲ್ಲ. ತುಳಿದಿದ್ದರೆ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಹೋಗಿ ಸವಾರಿ ಅಲ್ಲಿಗೇ ಮುಗಿಯುತ್ತಿತ್ತು. ಸೇಬಿನ ಚಾಕು ಕೆಲಸಕ್ಕೆ ಬಂತು. ಅಜ್ಜಿ ಬಗ್ಗಿ ನೋಡುತ್ತ ಒಂದೊಂದೇ ಎಳೆ ಬಿಡಿಸಿಕೊಟ್ಟಳು. “ಸೈಕಲ್ಗೂ ಹಸಿವಾಯ್ತದಾ?” ಅಂತ ಕೇಳಿದ್ದಕ್ಕೆ ನಮ್ಮವರು, “ಮುದ್ದೆ ಕೇಳ್ತಾ ಇತ್ತು ಅಜ್ಜಿ” ಅಂದರು. ಅದಕ್ಕೆ ನಾನೂ ನಕ್ಕೆ.

ಘಾಟಿಯಲ್ಲಿ ಕೋಣೆ ಹಿಡಿದು, ಮಿಂದು, ಸಂಜೆಯ ದರ್ಶನ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂಬದಿಯ ನರಸಿಂಹ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿಯಿಟ್ಟಿದ್ದಾರೆ. ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಇನ್ನೂ ದಿನಗಳಿದ್ದವು, ದನಗಳ ಜಾತ್ರೆಯೂ ನೆರೆದಿರಲಿಲ್ಲ. ಜನವಿಲ್ಲದ್ದರಿಂದ ಸಾಲು ಸಾಲು ನಾಗರಕಲ್ಲುಗಳ ನಡುವೆ ನಿಧಾನವಾಗಿ ಓಡಾಡಿದೆವು.

ಕೋಣೆಗೆ ಬಂದು ಇವರು ಸೈಕಲ್ಲಿನ ಹಿಂಭಾಗ ಎತ್ತಿ ಹಿಡಿದರು, ನಾನು ಕೈಯಲ್ಲಿ ಪೆಡಲು ತಿರುಗಿಸಿ ಎಂಟೂ ಗೇರು ಹಾಕಿ ನೋಡಿದೆ. ಎಲ್ಲ ಬಿದ್ದವು. ಸದ್ದಿಲ್ಲ.

ಗುರುವಾರ

ತೂಬಗೆರೆಯ ಕಡೆಯ ರಸ್ತೆ ಹಿಡಿದೆವು. ಪೂರ್ವದ ಗಾಳಿ ಎದೆಗೇ ಹೊಡೆಯುತ್ತಿತ್ತು. ಇಂಥ ಹೊತ್ತಿನಲ್ಲಿ ಕಟ್ಟಳೆ ಸ್ವಲ್ಪ ಸಡಿಲ: ಸಪಾಟಾದರೂ ಇವರು ಮುಂದೆ ಹೋಗಿ ಗಾಳಿ ತಡೆಯುತ್ತಾರೆ, ನಾನು ಚಕ್ರಕ್ಕೆ ಚಕ್ರ ಹತ್ತಿರ ಇಟ್ಟುಕೊಂಡು ಬೆನ್ನ ಮರೆಯಲ್ಲಿ ಬರುತ್ತೇನೆ. ಅಷ್ಟಗಲದ ಬೆನ್ನಿನ ಉಪಯೋಗ ಗಾಳಿಯ ದಿನ ಗೊತ್ತಾಗುತ್ತದೆ. ದಾರಿಯ ಎಡಬಲ ದ್ರಾಕ್ಷಿ ಚಪ್ಪರ, ರಾಗಿ ಕೊಯ್ದ ಕೂಳೆ, ಅವರೆ ಹೂವು. ಒಂದು ಊರಿನಲ್ಲಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದರು. ಇವರು ಎರಡು ಕೇಜಿ ಕೊಳ್ಳುವ ಮಾತಾಡಿದರು. ಬೆಟ್ಟಕ್ಕೆ ಹೊತ್ತುಕೊಂಡು ಹೋಗುವುದು ಯಾರು ಅಂದದ್ದಕ್ಕೆ ಸುಮ್ಮನಾದರು.

ನಂದಿಯ ಬುಡದಲ್ಲಿ ಬಾಳೆಹಣ್ಣು ತಿಂದು, ಬಾಟಲಿ ತುಂಬಿಕೊಂಡು ಏರು ಹಿಡಿದೆವು. ಬುಡದಿಂದ ತುದಿಗೆ ಸುಮಾರು 8 ಕಿಲೋಮೀಟರು. ಅಷ್ಟರಲ್ಲಿ 400 ಮೀಟರಿಗೂ ಹೆಚ್ಚು ಮೇಲೇರುತ್ತೇವೆ. ತುದಿ ಇರುವುದು ಸಮುದ್ರಮಟ್ಟದಿಂದ 1,478 ಮೀಟರಿನಲ್ಲಿ. ಮೊದಲ ಭಾಗ ಒಂದಿಷ್ಟು ಕರುಣೆ ತೋರಿಸುತ್ತದೆ, ಮೇಲಿನ ತಿರುವುಗಳಲ್ಲಿ ಅದೂ ಇಲ್ಲ.

ಇವರು ಮುಂದೆ, ನಾನು ಹಿಂದೆ. ಮುಂದಿನ ಸಣ್ಣ ಹಲ್ಲುಚಕ್ರ 34 ಹಲ್ಲಿನದು, ಹಿಂದಿನ ದೊಡ್ಡದು 32ರದು. ಅದು ನಮ್ಮ ಸೈಕಲ್ಲುಗಳ ಅತಿ ಹಗುರ ಗೇರು, ಪೆಡಲಿನ ಒಂದು ಸುತ್ತಿಗೆ 2.3 ಮೀಟರಿನಷ್ಟು ಮುಂದೆ ಹೋಗುತ್ತದೆ. ಇವರು ಅದಕ್ಕೆ ಹಾಕಿದ್ದೇ ತಡ ಟಿಕ್, ಟಿಕ್, ಟಿಕ್. ಚಕ್ರ ತಿರುಗಿದಂತೆಲ್ಲ ಸದ್ದು.

“ರೀ, ಆ ಗೇರು ಬಿಡಿ. ತುಳೀಬೇಡಿ.”

“ನನಗೇನೂ ಕೇಳ್ತಾ ಇಲ್ವಲ್ಲೇ.”

“ನನಗೆ ಕೇಳ್ತಾ ಇದೆ. ನಿಲ್ಲಿಸಿ.”

ಹಿಂದಿನಿಂದ ನೋಡಿದರೆ ಡಿರೇಲರ್ ನೆಟ್ಟಗೆ ನೇತಾಡುತ್ತಿರಲಿಲ್ಲ, ತಳಭಾಗ ಚಕ್ರದ ಕಡೆ ವಾಲಿತ್ತು. ಫ್ರೇಮಿಗೂ ಡಿರೇಲರಿಗೂ ನಡುವೆ ಹ್ಯಾಂಗರ್ ಅಂತ ಒಂದು ಅಲ್ಯೂಮಿನಿಯಂ ತುಂಡಿರುತ್ತದೆ. ಪೆಟ್ಟು ಬಿದ್ದಾಗ ಫ್ರೇಮು ಉಳಿದು ತಾನು ಬಾಗಲಿ ಅಂತಲೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ರಾಗಿ ಹುಲ್ಲು ಎಳೆದ ಎಳೆತಕ್ಕೆ ಅದು ಬಾಗಿತ್ತು. ಕೋಣೆಯಲ್ಲಿ ಎತ್ತಿ ತಿರುಗಿಸಿದಾಗ ಭಾರವಿರಲಿಲ್ಲ. ಏರಿನಲ್ಲಿ ಎಂಬತ್ತೈದು ಕೇಜಿ ಕೂತು ತುಳಿದಾಗ ಚಕ್ರ, ಫ್ರೇಮು ಎರಡೂ ಕೂದಲೆಳೆಯಷ್ಟು ಮಣಿಯುತ್ತವೆ, ಆಗ ಡಿರೇಲರ್ ಕಡ್ಡಿಗೆ ತಾಗುತ್ತದೆ. ಇನ್ನೊಂದು ತಿರುವಿನಲ್ಲಿ ಎದ್ದು ನಿಂತು ತುಳಿದಿದ್ದರೆ ಅದು ಕಡ್ಡಿಗಳ ನಡುವೆ ಸಿಕ್ಕಿ, ಡಿರೇಲರ್, ಹ್ಯಾಂಗರ್, ನಾಲ್ಕಾರು ಕಡ್ಡಿ ಒಟ್ಟಿಗೇ ಹೋಗುತ್ತಿದ್ದವು.

ಬಿಡಿ ಹ್ಯಾಂಗರ್ ನಮ್ಮಲ್ಲಿರಲಿಲ್ಲ. ಒಂದೊಂದು ಫ್ರೇಮಿಗೂ ಒಂದೊಂದು ಆಕಾರ ಮಾಡಿ ಸೈಕಲ್ ಕಂಪನಿಗಳು ಏನು ಸಾಧಿಸಿದವೋ ನನಗೆ ಇಂದಿಗೂ ತಿಳಿಯದು. ಇವರದಕ್ಕೆ ಹೇಳಿಟ್ಟಿದ್ದ ಅಂಗಡಿಯಿಂದ “ಬಂದಿಲ್ಲ ಮೇಡಂ” ಎಂಬ ಉತ್ತರ ಬಿಟ್ಟು ಬೇರೇನೂ ಬಂದಿರಲಿಲ್ಲ. ಹ್ಯಾಂಗರ್ ನೆಟ್ಟಗೆ ಮಾಡಲು ಅಂಗಡಿಗಳಲ್ಲಿ ಉದ್ದ ತೋಳಿನ ಒಂದು ಅಳತೆಗೋಲು ಇರುತ್ತದೆ. ಬೆಟ್ಟದ ತಿರುವಿನಲ್ಲಿ ಅದೆಲ್ಲಿ? ಆದರೆ ಇನ್ನೊಂದು ಸೈಕಲ್ ಇತ್ತು.

ಡಿರೇಲರನ್ನು ಹ್ಯಾಂಗರಿಗೆ ಬಿಗಿಯುವ ಬೋಲ್ಟು 10 ಮಿಲಿಮೀಟರಿನದು, ಅದರ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಒಂದೊಂದು ಮಿಲಿಮೀಟರಿಗೆ ಒಂದು ಸುತ್ತು. ಪಾನಾ ಇಲ್ಲದೆ ಪುಟ್ಟ ಸನ್ನೆಗೋಲು ತಿರುಗಿಸಿ ಚಕ್ರ ಬಿಚ್ಚುವ ನಮ್ಮಂಥ ಸೈಕಲ್ಲುಗಳಲ್ಲಿ ಹಿಂದಿನ ಚಕ್ರದ ಅಚ್ಚಿಗೂ ಅದೇ ಅಳತೆ, ಅದೇ ಮರೆ. ಅಂದರೆ ನನ್ನ ಹಿಂದಿನ ಚಕ್ರವನ್ನು ಬಿಚ್ಚಿ, ಅಚ್ಚಿನೊಳಗೆ ತೂರಿದ ಆ ಸನ್ನೆಗೋಲಿನ ಸರಳು ಎಳೆದುಹಾಕಿದರೆ, ಆ ಅಚ್ಚಿನ ತುದಿ ಇವರ ಹ್ಯಾಂಗರಿನೊಳಗೆ ತಿರುಪಿನ ಹಾಗೇ ಕೂರುತ್ತದೆ. ಹಲ್ಲುಚಕ್ರವಿಲ್ಲದ ಬದಿಯನ್ನು ಒಳಗೆ ಮಾಡಬೇಕು ಅಷ್ಟೆ. ಆಗ ಇವರ ಸೈಕಲ್ಲಿಗೆ ಹಿಂದೆ ಎರಡು ಚಕ್ರ, ಒಂದು ಅದರದೇ ಜಾಗದಲ್ಲಿ, ಇನ್ನೊಂದು ಪಕ್ಕದಲ್ಲಿ. ಹ್ಯಾಂಗರ್ ನೆಟ್ಟಗಿದ್ದರೆ ಎರಡೂ ರಿಮ್ಮಿನ ನಡುವಿನ ಅಂತರ ಮೇಲೆ, ಕೆಳಗೆ, ಮುಂದೆ, ಹಿಂದೆ ಎಲ್ಲ ಕಡೆ ಒಂದೇ ಇರಬೇಕು.

ಇವರು ಎರಡು ಕಾಲಿನ ನಡುವೆ ಸೈಕಲ್ ಒತ್ತಿ ಹಿಡಿದು ನಿಂತರು. 5 ಮಿಲಿಮೀಟರಿನ ಆಲನ್ ಕೀಯಲ್ಲಿ ಡಿರೇಲರ್ ಬಿಚ್ಚಿ ಚೈನಿನಲ್ಲೇ ಜೋತುಬಿಟ್ಟೆ. ನನ್ನ ಚಕ್ರ ತಿರುಪಿದೆ. ಗಿಡದ ಕಡ್ಡಿಯೊಂದನ್ನು ಮುರಿದು ಅಂತರಕ್ಕೆ ಹಿಡಿದು ನೋಡಿದರೆ, ಮೇಲೆ ಸರಿಯಾಗಿ ಕೂತ ಕಡ್ಡಿ ಕೆಳಗೆ ಹೋಗಲೇ ಇಲ್ಲ. ಅಷ್ಟು ದೊಡ್ಡ ಚಕ್ರವೇ ಸನ್ನೆಗೋಲಾದ್ದರಿಂದ ಬಲ ಬೇಕಿಲ್ಲ, ತಾಳ್ಮೆ ಬೇಕು. ಕೆಳಗಿನ ಅಂಚನ್ನು ಎರಡು ಬೆರಳಲ್ಲಿ ಹೊರಗೆ ಎಳೆಯುವುದು, ಬಿಡುವುದು, ಕಡ್ಡಿ ಹಿಡಿಯುವುದು. ಒಂದೇ ಏಟಿಗೆ ಎಳೆದರೆ ಅಲ್ಯೂಮಿನಿಯಂ ಮುರಿಯುತ್ತದೆ. ಹಿಂದೆಮುಂದೆ ಬಗ್ಗಿಸಿದಷ್ಟೂ ಅದು ಸೋಲುವ ಲೋಹ.

ಇಳಿಯುತ್ತಿದ್ದ ಮೂವರು ಹುಡುಗರು ನಿಂತರು. ಬಹಳ ಬೆಲೆಯ ಕಾರ್ಬನ್ ಸೈಕಲ್ಲುಗಳು, ಮೈಗಂಟಿದ ಜೆರ್ಸಿ. “ಅಂಕಲ್, ಹೆಲ್ಪ್ ಬೇಕಾ?” ಅಂತ ಇವರನ್ನು ಕೇಳಿದರು. ಇವರು ಗಲ್ಲದಿಂದ ನನ್ನ ಕಡೆ ತೋರಿಸಿ, “ಮೆಕ್ಯಾನಿಕ್ ಅಲ್ಲಿದಾರೆ” ಅಂದರು. ಹುಡುಗರು ಕೂತು ನೋಡಿದರು. ತಮ್ಮ ಸೈಕಲ್ಲಿನಲ್ಲಿ ಇದನ್ನು ಮಾಡಬಹುದಾ ಅಂತ ಒಬ್ಬನ ಪ್ರಶ್ನೆ. ಅವನದು ದಪ್ಪ ಅಚ್ಚು ಆರುಪಾರು ತೂರಿಸುವ ಹೊಸ ಮಾದರಿ. ಆಗುವುದಿಲ್ಲ ಅಂದಾಗ ಪಾಪ ಅವನ ಮುಖ ಸ್ವಲ್ಪ ಇಳಿಯಿತು.

ನಾಲ್ಕೂ ಕಡೆ ಕಡ್ಡಿ ಒಂದೇ ಸಮ ಕೂತ ಮೇಲೆ ಎಲ್ಲ ಮರುಜೋಡಣೆ. ಆದರೂ ಬಾಗಿ ಎದ್ದ ಲೋಹವನ್ನು ನಂಬಲು ನನಗೆ ಮನಸ್ಸಿಲ್ಲ. ಡಿರೇಲರಿನ ಮೇಲೆ ಎಲ್ ಅಂತ ಗುರುತಿರುವ ತಿರುಪನ್ನು ಬಲಕ್ಕೆ ತಿರುಗಿಸಿ, ಅದು 32ರ ಹಲ್ಲುಚಕ್ರಕ್ಕೆ ಹೋಗದಂತೆ ತಡೆದೆ. ಇನ್ನು ಇವರಿಗೆ ಇರುವ ಹಗುರ ಗೇರು 28ರದು.

“ಅಂದ್ರೆ ಬೆಟ್ಟಕ್ಕೆ ಬೇಕಾದ ಗೇರನ್ನೇ ಬೆಟ್ಟದಲ್ಲಿ ಕಿತ್ಕೊಂಡೆ.”

“ನನ್ನ ಸೈಕಲ್ ತಗೊಳ್ಳಿ ಬೇಕಾದ್ರೆ.”

ನನ್ನ ಸೀಟಿನ ಮೇಲೆ ಇವರು ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯುತ್ತದೆ. ಸುಮ್ಮನೆ ಹತ್ತಿದರು. ಪ್ರತಿ ಸುತ್ತಿಗೂ 2.6 ಮೀಟರು, ಲೆಕ್ಕದಲ್ಲಿ ಚಿಕ್ಕ ವ್ಯತ್ಯಾಸ, ತೊಡೆಯಲ್ಲಿ ಅಲ್ಲ. ತಿರುವುಗಳಲ್ಲಿ ಒಳಅಂಚು ಬಿಟ್ಟು ಹೊರಗಿನಿಂದ ಸುತ್ತಿ ಹೋಗಿ ಅಂತ ಹಿಂದಿನಿಂದ ಹೇಳುತ್ತ ಹೋದೆ, ಒಳಅಂಚಿನಲ್ಲೇ ಏರು ಹೆಚ್ಚು ಕಡಿದು. ಒಂದೆರಡು ಕಡೆ ನಿಂತು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟರು. ನಾನೂ ನಿಂತೆ, ಆದರೆ “ಸುಸ್ತಾಯ್ತಾ?” ಅಂತ ಕೇಳಲಿಲ್ಲ. ಅದನ್ನು ಕೇಳಬಾರದು. ಟಿಕ್ ಸದ್ದು ಮತ್ತೆ ಬರಲಿಲ್ಲ. ತುದಿಯ ಬಾಗಿಲಲ್ಲಿ ಇವರ ಮೊದಲ ಮಾತು, “ಕಾಫಿ ಎಲ್ಲಿ ಸಿಗತ್ತೆ?”

1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. ಆಮೇಲೆ ಕಬ್ಬನ್ ಸಾಹೇಬ ಇಲ್ಲಿ ಬೇಸಿಗೆ ಮನೆ ಕಟ್ಟಿಕೊಂಡ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದರು. ಇವರು ಆ ಸಾಲಿಗೆ ತಮ್ಮನ್ನೂ ಸೇರಿಸಿಕೊಂಡು ಮಧ್ಯಾಹ್ನವಿಡೀ ನಿದ್ದೆ ಹೊಡೆದರು. ನಾನು ಅಮೃತ ಸರೋವರದ ಮೆಟ್ಟಿಲಿನವರೆಗೆ ಅಡ್ಡಾಡಿ ಬಂದೆ. ಸೈಕಲ್ಲುಗಳನ್ನು ಕೋಣೆಯೊಳಗೇ ಇಟ್ಟುಕೊಳ್ಳಬೇಕಾಯಿತು. ಇಲ್ಲಿನ ಕೋತಿಗಳು ಸೀಟಿನ ಕೆಳಗಿನ ಚೀಲದ ಜಿಪ್ಪು ಎಳೆಯುವುದನ್ನು ನಮಗಿಂತ ಚೆನ್ನಾಗಿ ಬಲ್ಲವು.

ಶುಕ್ರವಾರ

ಇಳಿಯುವುದು ಸುಲಭ ಅಂದುಕೊಳ್ಳುವವರು ರಿಮ್ ಬ್ರೇಕಿನಲ್ಲಿ ನಂದಿ ಇಳಿದಿರಲಿಕ್ಕಿಲ್ಲ. ಮಂಜು ಹರಿಯಲೆಂದು ಕಾದು ಹೊರಟೆವು. ಹೊರಡುವ ಮುಂಚೆ ಬ್ರೇಕಿನ ರಬ್ಬರು ಬಿಚ್ಚಿ ನೋಡಿದರೆ ರಿಮ್ಮಿನಿಂದ ಎದ್ದ ಲೋಹದ ಚೂರುಗಳು ಅದರಲ್ಲಿ ನಾಟಿಕೊಂಡು ಮಿಂಚುತ್ತಿದ್ದವು. ಆಲನ್ ಕೀಯ ಮೂತಿಯಿಂದ ಕಿತ್ತು ತೆಗೆದೆ. ಬಿಟ್ಟರೆ ಅವು ರಿಮ್ಮನ್ನು ಉಜ್ಜಿ ತೆಳ್ಳಗೆ ಮಾಡುತ್ತವೆ. ನೇರ ಹಾದಿಯಲ್ಲಿ ಬ್ರೇಕು ಪೂರ್ತಿ ಬಿಡುವುದು, ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸುವುದು, ತಿರುವಿನೊಳಗೆ ಮುಟ್ಟದಿರುವುದು. ಉದ್ದಕ್ಕೂ ಸವರಿಕೊಂಡೇ ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು, ಭಾರದ ಸವಾರರಿಗಂತೂ ಅಪಾಯ ಹೆಚ್ಚು. ನಡುವೆ ನಿಲ್ಲಿಸಿ ಬೆರಳು ತಾಗಿಸಿ ನೋಡಿದೆವು. ನನ್ನ ರಿಮ್ಮು ಬೆಚ್ಚಗಿತ್ತು, ಇವರದಕ್ಕೆ ಬೆರಳಿಡಲಾಗಲಿಲ್ಲ. ಆರಲಿ ಅಂತ ಗೋಡೆಯ ಮೇಲೆ ಕೂತು ನಿನ್ನೆಯ ಚಿಕ್ಕಿ ಮುಗಿಸಿದೆವು.

ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯ ಬಗ್ಗೆ ಬರೆಯಹೊರಟರೆ ಸೈಕಲ್ ಮರೆತೇ ಹೋಗುತ್ತದೆ. ಅರುಣಾಚಲೇಶ್ವರ ಒಂದು ಕಡೆ, ಭೋಗನಂದೀಶ್ವರ ಒಂದು ಕಡೆ, ನಡುವೆ ಉಮಾಮಹೇಶ್ವರ. ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿ ತೀರ್ಥ. ಬೆಟ್ಟಕ್ಕೆ ಬರುವ ಕಾರುಗಳಲ್ಲಿ ಕಾಲುಪಾಲೂ ಇಲ್ಲಿ ನಿಲ್ಲುವುದಿಲ್ಲ ಅನ್ನುವುದು ನನಗೆ ಒಳಗೊಳಗೆ ಸಂತೋಷವೇ.

1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನೋಡಿ, ಅವರ ಮನೆಯ ವಸ್ತುಸಂಗ್ರಹದಲ್ಲಿ ಇವರು ಪ್ರತಿ ಫಲಕವನ್ನೂ ಜೋರಾಗಿ ಓದಿ ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು. ಚಿಕ್ಕಬಳ್ಳಾಪುರದಲ್ಲಿ ಮುದ್ದೆ, ಅವರೆಕಾಳು ಸಾರು. ಅವರೆಕಾಯಿಯ ಮಾತು ಮತ್ತೆ ಎದ್ದಿತು. ಈಗ ಬೆಟ್ಟ ಹಿಂದೆ ಉಳಿಯಿತೆಂದು ಒಂದು ಕೇಜಿಗೆ ಒಪ್ಪಿದೆ.

ದೇವನಹಳ್ಳಿಯಿಂದ ಊರಿಗೆ ಹೆದ್ದಾರಿಯ ಸರ್ವಿಸ್ ರಸ್ತೆ. ಆರು ಪಥದ ಹೆದ್ದಾರಿ ಮಾಡಿದವರಿಗೆ ಸೈಕಲ್ಲಿಗೆಂದು ಒಂದು ಮಾರಗಲ ಬಿಡಲು ಕೈ ಬರಲಿಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರುಬದುರು ಬೈಕು, ನಿಂತ ಟ್ಯಾಕ್ಸಿ, ತೆರೆದ ಮೋರಿ. ಇವರ ಕಿವಿಗೆ ಕೆಲಸ ಬಂದದ್ದು ಇಲ್ಲಿ. ನಾನು ಮುಂದೆ ಹೋಗುತ್ತಿದ್ದೆ, “ನಿಲ್ಲೇ, ನಿನ್ನ ಹಿಂದಿನ ಟೈರು ಇಳೀತಾ ಇದೆ” ಅಂತ ಕೂಗಿದರು. ಲಾರಿ ಟೈರು ಒಡೆದು ಉದುರಿದ ಸಣ್ಣ ತಂತಿ. ಇಂಥದ್ದು ಕಣ್ಣಿಗೆ ಕಾಣುವುದಿಲ್ಲ. ಹೊಸ ಟ್ಯೂಬು ಹಾಕುವ ಅವಸರದಲ್ಲಿ ತಂತಿಯನ್ನು ಟೈರಿನಲ್ಲೇ ಬಿಟ್ಟರೆ ನೂರು ಮೀಟರಿನಲ್ಲಿ ಮತ್ತೆ ಪಂಚರ್. ಇವರು ಬನಿಯನ್ ತುಂಡನ್ನು ಟೈರಿನ ಒಳಗೆ ಸುತ್ತ ಸವರಿದರು, ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿತ್ತು ತಂತಿ. ಟೈರು ಇವರ ಪಾಲಿನ ಕೆಲಸ, ನಾನು ಕಬ್ಬಿನಹಾಲು ಕುಡಿಯುತ್ತ ನಿಂತೆ.

ಹೆಬ್ಬಾಳ ದಾಟುವಾಗ ದೀಪ ಹತ್ತಿದ್ದವು. ಮತ್ತಿಕೆರೆಯ ತಿರುವಿನಲ್ಲಿ ಪಕ್ಕದ ಮನೆಯವರು, “ಎಲ್ಲಿಗೆ ಹೋಗಿದ್ರಿ?” ಅಂದರು. ನಂದಿಗೆ ಅಂದೆ. “ನನ್ನ ಮಗ ಬೆಳಿಗ್ಗೆ ಹೋಗಿ ತಿಂಡಿಗೆ ಬಂದುಬಿಡ್ತಾನೆ” ಅಂದರು.

ಶನಿವಾರ

ತಾರಸಿಯಲ್ಲಿ ಇವರ ಸೈಕಲ್ ಬಿಚ್ಚಿದರೆ ಹಲ್ಲುಚಕ್ರಗಳ ಸಂದಿಯಿಂದ ರಾಗಿ ಹುಲ್ಲಿನ ಚೂರು ಇನ್ನೂ ಉದುರಿತು. ಚೈನಿಗೆ ಸ್ಕೇಲು ಹಿಡಿದೆ: ಹದಿನಾರರ ಗೆರೆ ಮುಟ್ಟಿತ್ತು. ಅಂಗಡಿಗೆ ಫೋನು ಮಾಡಿ ಚೈನು ಹೇಳಿದೆ, ಹ್ಯಾಂಗರಿಗೆ ಈ ಸಲ ಫ್ರೇಮಿನ ಫೋಟೋ, ಬಾಗಿದ ತುಂಡಿನ ಫೋಟೋ, ಪಕ್ಕದಲ್ಲಿ ಸ್ಕೇಲಿಟ್ಟು ಇನ್ನೊಂದು ಫೋಟೋ ಕಳಿಸಿದೆ. ಎರಡು ತರಿಸಿ, ಒಂದು ಚೀಲದಲ್ಲೇ ಇರುತ್ತದೆ ಅಂದೆ. ಅದು ಬರುವವರೆಗೆ ಎಲ್ ತಿರುಪು ಹಾಗೇ ಇರಲಿ ಅಂತ ಇವರಿಗೆ ತಾಕೀತು ಮಾಡಿದ್ದೇನೆ.

ಇವರು ಅವರೆಕಾಳು ಹಿತುಕುವುದಕ್ಕೆ ನೆನೆಹಾಕಿ ಬಂದು ಹಲ್ಲುಚಕ್ರ ಉಜ್ಜಲು ಕೂತಿದ್ದಾರೆ. ಕೈಯಲ್ಲಿರುವ ಬ್ರಶ್ಶು ಎಲ್ಲೋ ನೋಡಿದ ಹಾಗಿದೆ. ಬಚ್ಚಲುಮನೆಗೆ ಹೋಗಿ ನೋಡಿಕೊಂಡು ಬರುತ್ತೇನೆ.